ಎರಡು ಬೆರಳು ಗಂಟಲು

ಸವಳಂಗ ರಸ್ತೆಯ ಹಲ್ಲಿನ ಡಾಕ್ಟರಮ್ಮ, ನಸೀಮಾ,
ಹಜಾರಕ್ಕೊಂದು ಅಗ್ಗಿಷ್ಟಿಕೆ ಕಟ್ಟಿಕೊಡಿ ಕೆರಿಯಪ್ಪನೋರೆ
ಅಂದಾಗ ನಾನು ನಗಲಿಲ್ಲ, ಸಾಂತು ನಕ್ಕ.
ಶಿವಮೊಗ್ಗದ ಏಪ್ರಿಲ್ಲಿಗೆ ಗೋಡೇನೇ ಒಲೆ ಮೇಸ್ತ್ರಿ,
ತಾರಸಿ ಮೇಲೆ ರೊಟ್ಟಿ ಬೇಯುತ್ತೆ
ಅಂತ ಬಾಂಡ್ಲಿ ಇಳಿಸುತ್ತ ಗೊಣಗಿದ.

ನಕ್ಷೆ ತಂದವಳು ಪ್ರಣತಿ, ಮೈಸೂರಲ್ಲಿ ಓದಿದ ಹುಡುಗಿ.
ಎಲ್ಲಾ ನೈಸರ್ಗಿಕ ಇರಬೇಕು ಅಂದಳು,
ಆ ಮಾತನ್ನು ಕಲ್ಲುಸಕ್ಕರೆಯ ಹಾಗೆ ಚೀಪಿ ಚೀಪಿ ಅಂದಳು.
ಹೊಸನಗರದ ಜಂಬಿಟ್ಟಿಗೆ, ಗಿಲಾವು ಬೇಡ,
ಎದುರಿಗೆ ಕೆಮ್ಮಣ್ಣಿನ ಗೋಡೆ, ಬಿದಿರು ತಟ್ಟಿಯ ಒಳಸೂರು,
ಮೇಲೊಂದು ಹಲಗೆ, ಹಳೇದೇ ಆಗಬೇಕು,
ಬಾಯಿಯ ಸುತ್ತ ತುಂಗೆಯ ದುಂಡುಕಲ್ಲು.

ಹೊಳೆಕಲ್ಲು ಬೇಡ ತಾಯಿ, ಅಂದೆ.
ಯಾಕೆ, ಫೋಟೋದಲ್ಲಿದೆಯಲ್ಲ?
ಫೋಟೋದ ಬೆಂಕಿಗೆ ಸಿಡಿಯೋದಿಲ್ಲ.
ಹೊಟ್ಟೇಲಿ ನೀರಿಟ್ಟುಕೊಂಡ ಕಲ್ಲು
ಕಾದರೆ ಪಟಾಕಿ.
ಬರೆದುಕೊಂಡಳು. ಬರೆದುಕೊಳ್ಳುವವರು ನನಗಿಷ್ಟ.

ಒಳಮೈಗೆ ಬೆಂಕಿ ಇಟ್ಟಿಗೆ, ಭದ್ರಾವತಿಯ
ಗುಜರಿಯಲ್ಲಿ ತೂಕಕ್ಕೆ ಕೊಂಡದ್ದು.
ಸುಣ್ಣಕ್ಕೆ ಬೆಲ್ಲದ ನೀರು;
ಇರುವೆ ಸಾಲು ಎರಡು ದಿನ ನಮ್ಮ ಜೊತೆಗೇ ಕೆಲಸಕ್ಕೆ ಬಂತು.
ಹಲಗೆ ಸಿಕ್ಕಿದ್ದು ಗಾಂಧಿಬಜಾರಿನಲ್ಲಿ ಕೆಡವಿದ ಅಂಗಡಿಯೊಂದರಲ್ಲಿ.
ಹೊನ್ನೆ. ಒಂದು ಮಗ್ಗುಲಲ್ಲಿ ಯಾರೋ
ಬಾಕಿ ಲೆಕ್ಕ ಕೊರೆದಿದ್ದಾರೆ, ಹದಿನಾಲ್ಕು ಗೀಟು.
ಪಾಲಿಶಿನವನು ಉಜ್ಜಲು ಹೊರಟ.
ಬಿಡಪ್ಪ, ಸಾಲ ಇನ್ನೂ ತೀರಿಲ್ಲ, ಅಂದೆ.

ಡಾಕ್ಟರಮ್ಮನ ಅಪ್ಪ ದಿನಾ ಬಂದು
ಮರಳಿನ ರಾಶಿಯ ಪಕ್ಕ ಸ್ಟೂಲು ಹಾಕಿ ಕೂರುತ್ತಿದ್ದರು.
ಇಮಾಮ್ ಸಾಬರು. ಕಬ್ಬಿಣದ ಕಾರ್ಖಾನೆ,
ಕುಲುಮೆಯ ಮುಂದೆ ಮೂವತ್ತೊಂದು ವರ್ಷ. ಹುಬ್ಬಿಲ್ಲ.
ಮಾರ್ಚಿಯಲ್ಲೂ ಉಲ್ಲನ್ ಟೊಪ್ಪಿ.
ಮಾತಿಲ್ಲ. ನಾನು ತೂಕದ ಗುಂಡು ಇಳಿಬಿಟ್ಟಾಗ ಮಾತ್ರ
ಒಂದು ಕಣ್ಣು ಮುಚ್ಚಿ ತಾವೂ ನೋಡುವರು.

ಇಪ್ಪತ್ತೊಂದು ದಿನ ಒಣಗಿಸಿ, ಮೊದಲ ಬೆಂಕಿ.
ತೆಂಗಿನ ಗರಿ, ಮೇಲೆ ಜಾಲಿಯ ಕೊರಡು.
ಹೊಗೆ ಮೇಲೆ ಹೋಯಿತು; ಏನೋ ಮರೆತವರ ಹಾಗೆ
ವಾಪಸು ಬಂತು.
ಹೊಸ ಪರದೆ, ಬಿದಿರಿನ ಸೂರು, ಪ್ರಣತಿಯ ಮುಖ.
ಸಾಂತು ಈ ಸಲ ನಗಲಿಲ್ಲ.

ಸಾಬರು ಎದ್ದರು. ಮಂಡಿಯೂರಿ,
ಮಗಳು ಹಲ್ಲು ನೋಡುವ ಹಾಗೆ ಕತ್ತು ಓರೆ ಮಾಡಿ
ಒಳಗೆ ನೋಡಿದರು.
ಬಣ್ಣ ನೋಡು ಮೇಸ್ತ್ರಿ, ಕೆಂಪು ಜಾಸ್ತಿ.
ಉಸಿರು ಸಾಲ್ತಾ ಇಲ್ಲ ಇದಕ್ಕೆ.
ಗಂಟಲು ಎರಡು ಬೆರಳು ಬಿಡಿಸು.

ಯಾರ ಬೆರಳು, ಅಂದೆ, ಬಿಗುಮಾನಕ್ಕೆ.
ಎಡಗೈ ಚಾಚಿದರು.
ಅದರಲ್ಲಿ ಪೂರ್ತಿ ಇದ್ದದ್ದೇ ಎರಡು.
ದಾರದಲ್ಲಿ ಅಳತೆ ತೆಗೆದುಕೊಂಡೆ.

ಮೂರನೇ ದಿನ ಸಂಜೆ ಮತ್ತೆ ಹಚ್ಚಿದೆವು.
ಹೊಗೆ, ಸಂಬಳದ ದಿನ ಬಿಟ್ಟ ಶಿಫ್ಟಿನ ಹಾಗೆ,
ಹಿಂದೆ ನೋಡದೆ ಹೋಯಿತು.

ಪ್ರಣತಿಯ ನಕ್ಷೆಯಲ್ಲಿ ಸೋಫಾ ಬೆಂಕಿಗೆ ಮುಖ,
ಅಕ್ಕಪಕ್ಕ ಬೆತ್ತದ ಕುರ್ಚಿ, ಕಾಲಿಗೆ ಸೆಣಬಿನ ಹಾಸು.
ಸಾಬರು ಕುರ್ಚಿಯೊಂದನ್ನು ದರದರ ಎಳೆದು
ತಿರುಗಿಸಿ, ಬೆಂಕಿಗೆ ಬೆನ್ನು ಕೊಟ್ಟು ಕೂತರು.
ತಾತ, ಈ ಕಡೆ ಮುಖ, ಅಂದಳು ಹುಡುಗಿ.
ಮುಖ ಕೊಟ್ಟಾಯ್ತಲ್ಲಮ್ಮ ಮೂವತ್ತೊಂದು ವರ್ಷ,
ಹಿಂದೆ ದೊಡ್ಡ ಬಾಗಿಲು, ಹೊಳೆ ಗಾಳಿ.
ಬೆನ್ನು ಹಾಗೇ ಉಳೀತು.

ನಸೀಮಾ ಕ್ಲಿನಿಕ್ಕಿನಿಂದ ಆಗಷ್ಟೇ ಬಂದಿದ್ದರು,
ಮಾಸ್ಕು ಗದ್ದದ ಮೇಲೆ.
ಏನೂ ಹೇಳದೆ ಸೋಫಾದ ಒಂದು ತುದಿ ಹಿಡಿದರು,
ಇನ್ನೊಂದು ತುದಿ ಸಾಂತು.
ಅಪ್ಪನ ಮುಖಕ್ಕೆ ನೇರ ತಂದು ಇಟ್ಟರು.
ಟೊಪ್ಪಿ ಎಷ್ಟೊತ್ತಿಗೆ ಮಡಿಲಿಗೆ ಬಂತೋ,
ಕರಣೆ ತೊಳೆಯುತ್ತಿದ್ದೆ, ನೋಡಲಿಲ್ಲ.

ಬಿಲ್ಲಿನಲ್ಲಿ ಗಂಟಲು ತಿದ್ದಿದ ಕೂಲಿ ಬರೆದಿಲ್ಲ.
ದಾರ ಜೇಬಿನಲ್ಲೇ ಉಳಿದಿದೆ, ಎರಡು ಗಂಟು ಹಾಕಿದ್ದು.
ಸಿಟಿ ಬಸ್ಸಿನಲ್ಲಿ ತೆಗೆದು ನನ್ನ ಕೈಗೆ ಹಿಡಿದು ನೋಡಿದೆ.
ನನ್ನ ಬೆರಳಲ್ಲಿ ಅದು ಎರಡೂವರೆ.