ಸಪ್ಪಳದ ಭಾಡಗಿ

ಸೋಲಾಪುರದಾಗ ಖೋಲಿ ಹುಡುಕೂದಂದ್ರ
ಮೊದಲು ನೀರು ಕೇಳಬೇಕು: ನಾಕು ದಿನಕ್ಕೊಮ್ಮೆ, ಐದು ದಿನಕ್ಕೊಮ್ಮೆ.
ಆಮ್ಯಾಲ ಡಿಪಾಜಿಟ್.
ಆಮ್ಯಾಲ ಅವರು ನಮ್ಮನ್ನ ಕೇಳತಾರ.

ಜುಳೆ ಸೋಲಾಪುರದ ಬಾಯಿ ಚಹಾ ಕೊಟ್ಟಳು, ಛಲೋ ಕಪ್ಪು-ಬಸಿ.
ಆರೂವರಿ ಸಾವಿರ, ಮ್ಯಾಲ ಮೇಂಟೆನನ್ಸು.
"ಏರಿಯಾ ಏಕದಂ ಸೇಫ್ ರೀ. ಗೇಟಿಗೆ ವಾಚಮನ್, ಕ್ಯಾಮೆರಾ."
ಮತ್ತ ನಿಮ್ಮ ಮನಿಯವರು?
ಇಲ್ಲ.
ಡ್ಯೂಟಿ?
ರಾತ್ರೀದು. ದವಾಖಾನಿ ಲ್ಯಾಬಿನಾಗ, ರಕ್ತ ತಪಾಸಣಿ.
ಆಕಿ ಕಪ್ಪು ಒಳಗ ಇಟ್ಟು ಬಂದಳು.
"ಇಲ್ಲೆ ಎಲ್ಲಾ ಫ್ಯಾಮಿಲಿನ ಇರತಾವ," ಅಂದಳು,
ನನ್ನ ಬಾಜೂಕ ಕೂತು ಬಿಸ್ಕೀಟ ತಿನ್ನೂ ಮಗಳನ್ನ
ಲೆಕ್ಕಕ್ಕ ಹಿಡೀಲಾರದ.

ದಲಾಲಿ ಗುರುಬಸು ಸ್ಕೂಟರ್ ಮ್ಯಾಲ ಊರು ತೋರಿಸಿದ.
ದೀಪದ ಕಂಬ ಇದ್ದಲ್ಲೆ ಐದು, ಇಲ್ಲದಲ್ಲೆ ಮೂರೂವರಿ.
ಪೊಲೀಸ ಚೌಕಿ ಹತ್ರ ಐದೂವರಿ.
ದಾರೂ ಅಂಗಡಿ ಹಿಂದ,
"ಎರಡೂವರಿಗೆ ಕೊಡಸತೇನಿ ಅಕ್ಕಾ, ಆದರ ನಾ ಹೇಳೂದಿಲ್ಲ."
ರಿಪೋರ್ಟ್ ಚೀಟಿ ಬೆನ್ನ ಮ್ಯಾಲ ಕಳದು ನೋಡಿದೆ:
ಒಂದು ಕಂಬದ ಬೆಳಕಿಗೆ ತಿಂಗಳಿಗೆ ಒಂದೂವರಿ ಸಾವಿರ.
ಸೃಷ್ಟಿ ಸಾಲಿ ವ್ಯಾನಿಗೆ ಎಂಟುನೂರು.
ಕಂಬ ಬಿಟ್ಟೆ.

ಸಿಕ್ಕದ್ದು ಪೇಟಿಯೊಳಗ, ಅಂಬಾದಾಸ ಯೆಮುಲ್ ಅವರ
ಮಗ್ಗದ ಶೆಡ್ಡಿಗೆ ಅಂಟಿಕೊಂಡ ಖೋಲಿ.
ಎರಡಕ್ಕೂ ಗ್ವಾಡಿ ಒಂದ.
ಆ ಕಡಿ ನಾಕು ಪಾವರಲೂಮು, ಟವೆಲ್ಲಿನವು,
ಈ ಕಡಿ ನಮ್ಮ ಹಾಸಿಗಿ.
ಖಟ್ ಖಟ್ ಖಟ್. ಗಿಲಾಸಿನ್ಯಾಗ ನೀರು ನಡಗತಿತ್ತು,
ಕ್ಯಾಲೆಂಡರಿನ ಮೊಳಿ ಎರಡು ಸಲ ಕಳಚಿ ಬಿತ್ತು.
"ಸಪ್ಪಳಕ್ಕ ಐದುನೂರು ಕಮ್ಮಿ ಕೊಡ್ರಿ," ಅಂದ್ರು ಅವರು,
ತೆಲುಗು ಕಲಸಿದ ಕನ್ನಡದಾಗ, ತಪ್ಪು ಒಪ್ಪಿಕೊಂಡವರಂಗ.

ಒಂಬತ್ತಕ್ಕ ನಾ ಹೊಂಡತಿದ್ದೆ. ಒಳಗಿಂದ ಚಿಲಕ ಹಾಕೂ ಸಪ್ಪಳ ಕೇಳೂತನಕ
ಹೊರಗ ನಿಂತು, ಮತ್ತೊಮ್ಮೆ ಬಾಗಿಲ ದೂಡಿ ನೋಡಿ.
ಹನ್ನೊಂದಕ್ಕ ಫೋನು. "ಮಲಕೋತೀನವಾ."
ಆಕಿ ದನಿ ಹಿಂದ ಮಗ್ಗ ನಡದಿದ್ದು ಕೇಳತಿತ್ತು.
ಅಷ್ಟು ಕೇಳಿ ಇಡತಿದ್ದೆ.
ಆಮ್ಯಾಲ ಯಾರ ರಕ್ತರ ಇರಲಿ, ಬಿಳಿ ಕಣ ಎಣಸೂದು ತಪ್ಪತಿರಲಿಲ್ಲ.

ನಸುಕಿನ್ಯಾಗ ಬಂದ್ರ ಗಲ್ಲಿ ಕಗ್ಗತ್ತಲ,
ಶೆಡ್ಡಿನ ಬಾಗಲದಿಂದ ಅಷ್ಟ ಬೆಳಕು,
ಹಾಸಿದ ಟವೆಲ್ಲಿನಂಗ, ಅಷ್ಟ ಅಗಲ, ಅಷ್ಟ ಉದ್ದ.
ಹೊಸ್ತಿಲ ಮ್ಯಾಲ ಕಂಡಿ ಸುತ್ತೂ ನರಸವ್ವ ತಲಿ ಎತ್ತಲಾರದ, "ಬಂದ್ಯಾ?"
ಬಂದೆ.

ಒಂದಿನ ಲೈಟ್ ಆರಿಸಿ ಒಂದು ಗಾಡಿ ನನ್ನ ಹಿಂದ ತಿರಗಿತು.
ಅಂಬಾದಾಸರು ಒಂದ ಮಗ್ಗ ನಿಲ್ಲಿಸಿ
ಕೈ ಒರಸ್ಕೋತ ಹೊರಗ ಬಂದ್ರು.
"ಯಾರು ಬೇಕು?"
ತೆಲುಗಿನ್ಯಾಗ ಕೇಳಿದ್ರು, ಮರಾಠಿಯೊಳಗ ಕೇಳಿದ್ರು,
ಕಡೀಕ ನನ್ನ ಸಲವಾಗಿ ಕನ್ನಡದಾಗೂ ಕೇಳಿದ್ರು.
ಗಾಡಿಯವರಿಗೆ ಯಾರೂ ಬೇಕಾಗಿರಲಿಲ್ಲ.

ಹಿಂದಿನ ಓಣ್ಯಾಗ ಏಳು ಅಂತಸ್ತು ಎದ್ದಿತು.
ಅಲ್ಲಿಯವರಿಗೆ ನಿದ್ದಿ ಹತ್ತಲಿಲ್ಲ, ಅರ್ಜಿ ಕೊಟ್ರು.
ರಾತ್ರಿ ಮಗ್ಗ ಬಂದ್ ಅಂದ್ರ ಅರ್ಧ ಗಳಿಕಿ ಬಂದ್.
ದೀವಳಿಗಿ ಮುಂದ ಟೆಂಪೋ ಬಂತು.
ನಾಕೂ ಮಗ್ಗ ಭಂಗಾರಕ್ಕ, ಕಿಲೋ ಲೆಕ್ಕದಾಗ.
ಅಂಬಾದಾಸರು ಕಾಟಾದ ಮುಳ್ಳು ನೋಡಲಿಲ್ಲ, ಗ್ವಾಡಿ ನೋಡತಿದ್ರು,
ಎಣ್ಣಿ ಹತ್ತಿದ ಜಾಗಾ.

ಈಗ ಶೆಡ್ಡಿಗೆ ಟೈಲ್ಸ್ ಬಂದಾವ, ಎರಡು ಖೋಲಿ ಆಗ್ಯಾವ.
ಗಲ್ಲಿಗೆ ಕಂಬ ಬಂದದ. ಕಂಬಕ್ಕ ಕ್ಯಾಮೆರಾ,
ಅದರೊಳಗ ಅಕ್ಕಿ ಕಾಳಿನಷ್ಟು ಕೆಂಪು ದೀಪ.
ಗುರುಬಸು ಬಂದು ಅಂಬಾದಾಸರ ಮಗನ ಮಾತು ಹೇಳಿ ಹೋದ:
"ಬರೂ ತಿಂಗಳಿಂದ ಐದು ಅಕ್ಕಾ. ಏರಿಯಾ ಸುಧಾರಿಸ್ತು ನೋಡ್ರಿ."
ಸುಧಾರಿಸ್ತು. ಬೆಳಕು ಖರೇನ ಛಲೋ ಅದ,
ಬಿದ್ದ ಸೂಜಿ ಆರಿಸಬಹುದು.

ಹನ್ನೊಂದಕ್ಕ ಫೋನು ಬರತದ.
ಆಕಿ ದನಿ ಹಿಂದ ಏನೂ ಇಲ್ಲ.
"ಅವಾ, ಗಿಲಾಸಿನ್ಯಾಗ ನೀರು ಸುಮ್ನ ನಿಂತದ," ಅಂತಾಳ,
"ತಡಿ, ಚಿಲಕ ನೋಡಿ ಬರತೀನಿ."
ಈಗರ ನೋಡಿ ಬಂದಿದ್ಳು.