ಗಾಡಿ ಬಂದ್ ಮಾಡಿ ಹಾಕ್ರಿ

ಎರಡಕ್ಕ ಹಾಕಿದರ ಹಲ್ಲು ಕಡೀತದ.
ರಿವರ್ಸ್ ಅಂತೂ ಕೇಳಬ್ಯಾಡ್ರಿ,
ಬೀಸುಕಲ್ಲಿಗೆ ಹಳ್ಳು ಸಿಕ್ಕಂಗ.
ನಿನ್ನಿ ಸೂಪರ್ ಮಾರ್ಕೆಟ್ ತಿರುವಿನ್ಯಾಗ
ಎರಡು ಸಾವಿರ ಖಡಕ್ ರೊಟ್ಟಿ ಹೊತ್ತ ಓಮ್ನಿ
ನಟ್ಟನಡುವ ನಿಂತುಬಿಡ್ತು.
ಹಿಂದಿನ ಆಟೋದವ ನನಗೂ ಬೈದ,
ಸತ್ತು ಹತ್ತು ವರ್ಷಾದ ನಮ್ಮಪ್ಪಗೂ ಬೈದ.

ಮಶಾಕಸಾಬ ಎಲ್ಲಾ ಕೇಳಿಸ್ಕೊಂಡ.
ಸೇಡಂ ರಸ್ತಾದ ಬೇವಿನ ಗಿಡದ ಬುಡಕ ಅವನ ಗ್ಯಾರೇಜು,
ನೆಲದ ಶಹಾಬಾದಿ ಫರಸಿ
ಎಣ್ಣಿ ಕುಡುದು ಕುಡುದು ಎಮ್ಮಿ ಮೈಯಂಗ ಮಿಂಚತಿತ್ತು.
ಪಾನಾ ಹಿಡದು ಗಾಡಿ ಕೆಳಗ ಹೋಗ್ತಾನ ಅನ್ಕೊಂಡಿದ್ದೆ.
ಅವ ಚಹಾದ ಕಪ್ಪು ಕೆಳಗಿಟ್ಟ.
“ಮೊದಲು ಗಾಡಿ ಬಂದ್ ಮಾಡಿ ಹಾಕ್ರಿ.”

ಬಂದ್ ಮಾಡಿ ಹಾಕಿದೆ.
ಒಂದು, ಎರಡು, ಮೂರು, ನಾಕು, ಹಿಂದಕ್ಕ,
ಬೆಣ್ಣ್ಯಾಗ ಬೆರಳಾಡಿಸಿದಂಗ.
“ಡಂಡಿ ಛಲೋ ಅದ. ತಳಗಿನ ಬುಶ್ ಸವದಿದ್ರ
ಈಗೂ ಒದ್ದಾಡ್ತಿತ್ತು.
ಇನ್ನ ಚಾಲೂ ಮಾಡಿ ಹಾಕ್ರಿ.”

ಖರ್ರ್.

“ಕೇಳಿದ್ರಿಲ್ಲ? ಪೆಟಗಿ ಮ್ಯಾಲ ಸಿಟ್ಟಾಗಬ್ಯಾಡ್ರಿ.
ಕ್ಲಚ್ಚು ಇಂಜಿನ್ನಿನ ಕೈ ಪೂರಾ ಬಿಡಸವಲ್ಲದು.
ಇನ್ನೂ ತಿರುಗೋ ಹಲ್ಲಿಗೆ ಇನ್ನೊಂದು ಹಲ್ಲು
ಹ್ಯಾಂಗ ಕೂಡಬೇಕು, ಹೇಳ್ರಿ?”

ನಾ ಏನೂ ಹೇಳಲಿಲ್ಲ.
ಯುಗಾದಿ ಮರುದಿನ ಅಂಬಾರಾಯಗ ಕೆಲಸ ಬಿಡಿಸಿದ್ದೆ.
“ಗೇರು ತಿಂದಿ ನೀನು” ಅಂದಿದ್ದೆ,
ರೊಟ್ಟಿ ಬಡಿಯೋ ಹನ್ನೊಂದು ಹೆಣ್ಮಕ್ಕಳ ಎದುರಿಗೆ.
ಬಡಿಯೋ ಸಪ್ಪಳ ಒಮ್ಮಿಗೇ ನಿಂತಿತ್ತು.
ಅವ ಕೀಲಿ ಹಿಟ್ಟಿನ ಡಬ್ಬಿ ಮ್ಯಾಲ ಇಟ್ಟ,
ಚಪ್ಪಲಿ ಮೆಟ್ಟಿ ಹೋದ.
ಸುಮ್ಮನಿದ್ದಾನಂದ್ರ ತಪ್ಪು ಅವಂದೇ
ಅಂತ ನಾ ಲೆಕ್ಕ ಬರಕೊಂಡಿದ್ದೆ.

ಸಾಬ ಕೇಬಲ್ ಎಳೆದು ನೋಡಿದ. ಬರೋಬ್ಬರಿ.
ಪ್ಲೇಟು? “ಸವದಿದ್ರ ಏರಿನ್ಯಾಗ ಜಾರ್ತಿತ್ತು, ಜಾರ್ತದೇನು?”
ಇಲ್ಲ.
ಆಮ್ಯಾಲ ಕೈಲೇ ಪೆಡಲ್ ಒತ್ತಿದ,
ಒತ್ತಿದ, ಮೂಗು ಸೊಟ್ಟ ಮಾಡಿದ,
ಬಗ್ಗಿ ಪೆಡಲಿನ ತಳಕ್ಕ ಕೈ ಹಾಕಿ
ಗೋಣಿಚೀಲ ಎಳೆದ.

ನಾಕು ಮಡಚಿ ಹೊಲಿದದ್ದು.
ದಬ್ಬಣದ ಹೊಲಿಗಿ ನನ್ನದೇ.

ಶಿವರಾತ್ರಿ ಮುಗದಿತ್ತು, ಬಿಸಿಲು ಏರಿತ್ತು.
ಓಮ್ನಿ ಇಂಜಿನ್ನು ಕುಂಡಿ ಕೆಳಗೇ ಕುದೀತದ.
“ಪಾದ ಸುಡ್ತಾವ ಅಕ್ಕಾ” ಅಂದಿದ್ದ ಅಂಬಾರಾಯ.
ಜ್ವಾಳದ ಚೀಲ ಝಾಡಿಸಿ, ನಾನೇ ಮಡಚಿ,
ನಾನೇ ಹೊಲಿದು, ನಾನೇ ಹಾಸಿದ್ದೆ.

ಮಶಾಕಸಾಬ ಚೀಲ ಫರಸಿ ಮ್ಯಾಲ ಒಗದು
“ಹಾಕ್ರಿ” ಅಂದ.
ರಿವರ್ಸು ಸಪ್ಪಳಿಲ್ಲದ ಬಿತ್ತು, ಮೂರು ಬಿತ್ತು.
ಎರಡು ಮಾತ್ರ ಇನ್ನೂ ಜರಾ ಕೆರೀತು.
“ಅದರ ಹಿತ್ತಾಳಿ ರಿಂಗು ಸವದು ಹೋಗ್ಯಾದ.
ಚೀಲ ತಗದ್ರ ಅದು ತಿರುಗಿ ಬೆಳ್ಯಂಗಿಲ್ಲ ನೋಡ್ರಿ.
ಪೆಟಗಿ ಇಳಸೋತನಕ
ಒಂದರಿಂದ ಎರಡಕ್ಕ ಹೋಗೋ ಮುಂದ
ನ್ಯೂಟ್ರಲ್‌ನ್ಯಾಗ ಒಂದು ಉಸಿರು ನಿಲ್ರಿ.”
ರೊಕ್ಕ ತಗೊಳ್ಳಲಿಲ್ಲ. ಎರಡು ಡಜನ್ ರೊಟ್ಟಿ,
ಒಂದು ಪುಡಕಿ ಶೇಂಗಾ ಹಿಂಡಿ ತಗೊಂಡ.

ಬ್ರಹ್ಮಪುರದ ಓಣಿ ಸಣ್ಣದು.
ಅಂಬಾರಾಯನ ಮನಿ ಮುಂದ ಗಾಡಿ ಬಂದ್ ಮಾಡಿದೆ.
ಅವ ನಳದ ಕೊಡ ತುಂಬಸ್ತಿದ್ದ.
ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು
ಗಂಟಲಿನ್ಯಾಗ ಗೇರು ಸಿಕ್ಕಂಗ ಸಿಕ್ಕಿತು.
“ಒಂದು ಸುತ್ತು ಹೊಡದು ನೋಡ್ತೀ?” ಅಂದೆ, ಅಷ್ಟೇ.

ಕೊಡ ತುಂಬೋತನಕ ನಿಂತ.
ಒಳಗಿಟ್ಟು ಬಂದ.
ಚಪ್ಪಲಿ ಹೊರಗ ಬಿಟ್ಟು ಏರಿ ಕುಂತ,
ಅಂಗಾಲಿಲೆ ನೆಲ ತಡವಿದ.

“ಅಕ್ಕಾ,” ಅಂದ, “ಚೀಲ ಎಲ್ಲಿ?”