ಹಿಡಿ

ಮೂರು ಚಳಿಗಾಲ ಅಟ್ಟದ ಮೇಲೆ ಮಲಗಿದ್ದ
ಹಿಕರಿ ಕೋಲುಗಳ ಇಳಿಸಿ, ಬಗ್ಗಿಸಿ,
ಗೆಣ್ಣಿನಿಂದ ತಟ್ಟಿ, ಕಿವಿಗಿಟ್ಟು
ಮರ್ಡೋ ಅಂದ: ‘ಇದು ಹಸಿ. ಇದೂ.
ಹಸೀ ಸುಳ್ಳು ಹೇಳುತ್ತೆ.’

ನಾರು ನೇರ ಹರಿದದ್ದು ಒಂದೇ.
ಮಿಕ್ಕವು ಹೆಂಡತಿಯ ಬಟಾಣಿ ಬಳ್ಳಿಗೆ.

ಸೆಟೆದ ಬೆರಳಿನ ಎಫಿಗೆ
ಓಟ್ಸ್ ಹಿಟ್ಟಿನ ಉಂಡೆ ಕೊಟ್ಟು
‘ಹಿಸುಕು’ ಅಂದಿದ್ದ. ಅದೇ ಅಳತೆ.
ಒಡೆದ ಗಾಜಿನಂಚಿನಲ್ಲಿ ಹೆರೆದು,
ಅಗಸೆ ಎಣ್ಣೆ ಕುಡಿಸಿ, ಕುರಿದೊಗಲು ಸುತ್ತಿ,
ರಾಳದ ದಾರ ಬಿಗಿದು
‘ಹಿಡಿ’ ಅಂದಾಗ
ಹೊರಗೆ ಫೈಫ್ ಕಡಲಿನ ಗಾಳಿ.
ಅವಳು ಒಳಗೇ ಬೀಸಿದಳು.

ಕಿಟಕಿ ಹೋಯಿತು.
ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.
ಆಮೇಲೆ ಮರ್ಡೋ ಬಗ್ಗಿ
ಚೂಪಾದ ಚೂರುಗಳನ್ನಷ್ಟೇ ಆರಿಸಿಕೊಂಡ:
‘ಇವು ಮುಂದಿನ ಕೋಲಿಗೆ.’